ಅಪ್ಪಯ್ಯನ ಕೈಗೊಂದು ಕತ್ತಿ

ಅಪ್ಪಯ್ಯನಿಗೆ ಎಪ್ಪತ್ತು ತುಂಬಿದ ವರ್ಷ ನಾನೊಂದು ಚಾಕು ಕೊಂಡುಕೊಟ್ಟೆ. ಮಖಮಲ್ಲಿನ ಹಾಸಿನ ಪೆಟ್ಟಿಗೆ, ಕನ್ನಡಿಯಂತೆ ಹೊಳೆಯುವ ಅಲಗು, ಬೀಟೆ ಮರದ್ದೆಂದು ಹೇಳಿ ಮಾರಿದ ಕರಿಗೆಂಪು ಹಿಡಿ. ಅವರು ಎರಡು ಸಲ ಹೊರಳಿಸಿ ನೋಡಿದರು, ಹೆಬ್ಬೆರಳಲ್ಲಿ ಬಾಯಿ ಸವರಿದರು. "ಚೆಂದ ಇದೆ. ಆದ್ರೆ ಇದ್ರಲ್ಲಿ ಕಡಿಯದು ಎಂತದು ಮಾರಾಯ?" ಎಂದು ಕೇಳಿ ಪೆಟ್ಟಿಗೆ ಮುಚ್ಚಿದರು. ಬೀರುವಿನ ಮೇಲೆ ಹೋದ ಪೆಟ್ಟಿಗೆ ಮುಂದಿನ ಮಳೆಗಾಲ ಮುಗಿದ ಮೇಲೆ ಕೆಳಗಿಳಿಯಿತು. ಅಷ್ಟರಲ್ಲಿ ಹಿಡಿಯ ಬಣ್ಣ ಸಿಪ್ಪೆ ಎದ್ದು, ಒಳಗಿನ ಬಿಳಿ ಮರ ಹಲ್ಲು ಕಿಸಿದಿತ್ತು.

ತಪ್ಪು ಅಂಗಡಿಯದ್ದಷ್ಟೇ ಅಲ್ಲ, ನನ್ನದೂ ಇತ್ತು. ನಾನು ಚಾಕು ಹುಡುಕಿದ್ದೆ, ಅದಕ್ಕೊಂದು ಕೆಲಸ ಹುಡುಕಿರಲಿಲ್ಲ.

ಶಿವಮೊಗ್ಗದ ತುಂಗಾ ಸೇತುವೆ ದಾಟಿ ಭದ್ರಾವತಿಯ ಕಡೆಗೆ ಬಿ.ಎಚ್. ರಸ್ತೆ ಹಿಡಿದರೆ ಸಿಗುವ ನಮ್ಮ ವಿದ್ಯಾನಗರದಲ್ಲಿ ಇಂಥ ಅಪ್ಪಂದಿರು ಬೀದಿಗಿಬ್ಬರಾದರೂ ಇದ್ದಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಐವತ್ತು ವರ್ಷ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ತೋಟಕ್ಕೆ ಹೋದವರು, ಮಂಡಿನೋವು ಬಂದ ಮೇಲೆ ಮಕ್ಕಳ ಮನೆ ಸೇರಿದ್ದಾರೆ. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ತೆಂಗಿನ ಮರ, ಒಂದು ಕರಿಬೇವು, ನಾಲ್ಕು ಕುಂಡ. ನೀರು ಕಾಯಿಸಲು ಸೋಲಾರ್ ಇದೆ, ಹಾಗಾಗಿ ಬಚ್ಚಲೊಲೆಗೆ ಕಟ್ಟಿಗೆ ಸೀಳುವ ಕೆಲಸವೂ ಇಲ್ಲ. ಅವರಿಗೆ ಕತ್ತಿ ಕೊಡುವುದೆಂದರೆ ಜೊತೆಗೊಂದು ಕೆಲಸವನ್ನೂ ಕೊಡುವುದು. ಮರದ ಹಿಡಿಯ ಕತ್ತಿಯನ್ನೋ ಚಾಕುವನ್ನೋ ಅಪ್ಪನಿಗೆ ಕೊಡಬೇಕೆಂದಿರುವವರಿಗೆ, ಒಮ್ಮೆ ಎಡವಿದವನು ಹೇಳುವ ಮಾತುಗಳಿವು.

ಮೊದಲು ಹಳೆಯ ಕತ್ತಿ ನೋಡಿ

ಅಂಗಡಿಗೆ ಹೋಗುವ ಮೊದಲು ಅಪ್ಪ ಈಗ ಬಳಸುವ ಕತ್ತಿಯನ್ನು ಅವರಿಲ್ಲದ ಹೊತ್ತಲ್ಲಿ ಕೈಗೆತ್ತಿಕೊಳ್ಳಿ. ನಿಮಗೆ ಬೇಕಾದ ಅಳತೆಯೆಲ್ಲ ಅದರಲ್ಲೇ ಇದೆ.

ಹಿಡಿ ಎಲ್ಲಿ ಸವೆದಿದೆ ನೋಡಿ. ಹೆಬ್ಬೆರಳು ಕೂರುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಅವರು ಅಲಗಿಗೆ ಹತ್ತಿರ ಹಿಡಿದು ನಾಜೂಕಿನ ಕೆಲಸ ಮಾಡುವವರು. ಹಿಂಬದಿ ನುಣುಪಾಗಿದ್ದರೆ ದೂರ ಹಿಡಿದು ಬೀಸುವವರು. ಮೊದಲನೆಯವರಿಗೆ ಹಗುರವಾದದ್ದು, ಎರಡನೆಯವರಿಗೆ ಮುಂದೆ ತೂಕವಿರುವುದು ಒಗ್ಗುತ್ತದೆ. ಹಿಡಿಯ ಉದ್ದವನ್ನು ದಾರದಲ್ಲಿ ಅಳೆಯಿರಿ, ಸುತ್ತಳತೆಯನ್ನೂ. ನಾಲ್ಕು ಬೆರಳು ಸಲೀಸಾಗಿ ಕೂತು ಮೇಲೆ ಒಂದು ಬೆರಳಿನ ಜಾಗ ಉಳಿಯಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಕತ್ತಿಯನ್ನಿಟ್ಟು ತೂಕ ಬರೆದುಕೊಳ್ಳಿ. ಹೊಸದು ಇದಕ್ಕಿಂತ ಭಾರವಾಗುವುದು ಬೇಡ. ವಯಸ್ಸು ಕತ್ತಿಯ ತೂಕವನ್ನು ಇಳಿಸುತ್ತದೆ, ಹಿಡಿಯ ದಪ್ಪವನ್ನು ಏರಿಸುತ್ತದೆ. ಬೆರಳ ಗಂಟು ನೋಯುವವರಿಗೆ ಸಪೂರ ಹಿಡಿಯನ್ನು ಬಿಗಿಹಿಡಿಯುವುದೇ ಕಷ್ಟ.

ಇನ್ನೊಂದು ಸಂಗತಿ ಹಲವರಿಗೆ ಹೊಳೆಯುವುದಿಲ್ಲ. ಕೆಲವು ಕತ್ತಿ, ಕುಡುಗೋಲುಗಳ ಅಲಗನ್ನು ಒಂದೇ ಮಗ್ಗುಲು ಮಸೆದಿರುತ್ತಾರೆ. ಅದು ಬಲಗೈಯವರ ಲೆಕ್ಕ. ಅಪ್ಪ ಎಡಚರಾದರೆ ಮಗ್ಗುಲು ಬದಲಿಸಿ ಮಾಡಿಸಬೇಕು. ಇಲ್ಲದಿದ್ದರೆ ಕಡಿತ ಓರೆಯಾಗಿ ಜಾರುತ್ತದೆ.

ಯಾವ ಅಪ್ಪನಿಗೆ ಯಾವುದು

ಊರಲ್ಲಿ ತೋಟ ಇನ್ನೂ ನೋಡಿಕೊಳ್ಳುತ್ತಿರುವ ಅಪ್ಪನಿಗೆ ನೀವಾಗಿ ಕತ್ತಿ ಆರಿಸಲು ಹೋಗಬೇಡಿ. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯುವುದಕ್ಕೆ ಒಂದು, ಬೇಲಿ ಸವರುವುದಕ್ಕೆ ಒಂದು, ಮರದ ಕೊಂಬೆಗೆ ಹೆಗ್ಗತ್ತಿ, ಹುಲ್ಲಿಗೆ ಕುಡುಗೋಲು ಎಂದು ಅವರದ್ದೇ ಲೆಕ್ಕವಿರುತ್ತದೆ. ಅಂಥವರನ್ನು ಕಮ್ಮಾರಸಾಲೆಗೆ ಕರೆದೊಯ್ಯಿರಿ, ದುಡ್ಡು ನೀವು ಕೊಡಿ. ಅವರಿಗೆ ಅದೇ ಉಡುಗೊರೆ.

ಪೇಟೆಗೆ ಬಂದ ಅಪ್ಪನಿಗೆ ಒಂದು ಮಧ್ಯಮ ಗಾತ್ರದ ಕತ್ತಿ ಸಾಕು. ಎಳನೀರು ಕೆತ್ತಬೇಕು, ಒಣಗಿದ ತೆಂಗಿನ ಗರಿ ತುಂಡು ಮಾಡಬೇಕು, ಬಾಳೆಗೊನೆ ಇಳಿಸಬೇಕು, ಹಲಸಿನ ಹಣ್ಣು ಸೀಳಬೇಕು. ಒಂದೇ ಕತ್ತಿ ಇಷ್ಟನ್ನೂ ಮಾಡಬೇಕಾದರೆ ಬೆನ್ನು ದಪ್ಪಗಿದ್ದು, ಬಾಯಿಯ ಕಡೆಗೆ ನಿಧಾನವಾಗಿ ತೆಳುವಾಗುತ್ತ ಬರಬೇಕು. ಬೆನ್ನೂ ತೆಳುವಾಗಿದ್ದರೆ ತೆಂಗಿನಕಾಯಿಗೆ ಹೊಡೆದಾಗ ಕೈ ಜುಮ್ಮೆನ್ನುತ್ತದೆ, ಬಾಯಿ ಮುಕ್ಕಾಗುತ್ತದೆ.

ಅಡುಗೆಮನೆ ಹೊಕ್ಕ ಅಪ್ಪಂದಿರೂ ಇದ್ದಾರೆ, ಈಗ ಅವರ ಸಂಖ್ಯೆ ಕಡಿಮೆಯೇನಲ್ಲ. ತರಕಾರಿಗೆ ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಅಲಗಿನ ಚಾಕು ಧಾರಾಳವಾಯಿತು. ಆದರೆ ಬಾಲ್ಯದಿಂದ ಮೆಟ್ಟುಗತ್ತಿಯ ಮುಂದೆ ಕೂತು ಕೊಯ್ದವರಿಗೆ ಕೈಚಾಕು ತಲೆಕೆಳಗಾದ ಲೋಕ. ಮೆಟ್ಟುಗತ್ತಿಯಲ್ಲಿ ಕತ್ತಿ ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಹಸಿ ಅಡಿಕೆ ಸುಲಿದು ಬೆರಳು ಪಳಗಿದ ಮನೆಯವರಿಗೆ ಅದರ ವೇಗ ಬೇರೆ ಯಾವುದರಲ್ಲೂ ಬರುವುದಿಲ್ಲ. ನೆಲಕ್ಕೆ ಕೂರಲಾಗದವರಿಗೆ ಮೇಜಿನ ಮೇಲಿಡುವಂಥ ಮಣೆಯ ಮೆಟ್ಟುಗತ್ತಿಯನ್ನು ಬಡಗಿಯಿಂದ ಮಾಡಿಸಬಹುದು. ಮೆಟ್ಟಿ ಹಿಡಿಯಲು ಕಾಲಿರುವುದಿಲ್ಲವಾದ್ದರಿಂದ ಮಣೆಯನ್ನು ಮೇಜಿಗೆ ಬಿಗಿಯುವ ಏರ್ಪಾಡು ಮಾತ್ರ ಇರಲೇಬೇಕು. ಬಯಲುಸೀಮೆಯ ಕಡೆಯವರಾದರೆ ಇದನ್ನೇ ಈಳಿಗೆಮಣೆ ಎಂದು ಕೇಳಿ.

ಕುಂಡದ ಗುಲಾಬಿ, ದಾಸವಾಳಕ್ಕೆ ಕಸಿ ಕಟ್ಟುವ ಹವ್ಯಾಸವಿದ್ದರೆ ಮಡಚುವ ಕಸಿ ಚಾಕು ಕೊಡಿ. ನೇರ ಬಾಯಿ, ಒಂದು ಮಗ್ಗುಲ ಹರಿತ, ಅಂಗೈಯಲ್ಲಿ ಮುಚ್ಚಿಹೋಗುವ ಗಾತ್ರ. ಎಲೆ ಅಡಿಕೆಯ ಅಭ್ಯಾಸವಿದ್ದವರಿಗೆ ಅಡಕತ್ತರಿಯೂ ಕತ್ತಿಯ ಜಾತಿಯೇ. ಕೈ ನಡುಗುವವರಿಗಂತೂ ತೆರೆದ ಅಲಗಿಗಿಂತ ಅದೇ ವಾಸಿ.

ಕೊಡಗಿನ ಪೀಚೆಕತ್ತಿ, ಒಡಿಕತ್ತಿ ನೋಡಿ ಮನಸೋತು ತರುವವರಿದ್ದಾರೆ. ಪೀಚೆಕತ್ತಿ ಕೊಡವ ಮದುಮಗನ ಸೊಂಟದ ಮುಂಭಾಗಕ್ಕೆ ಬರುವ ಆಭರಣ. ಅಗಲ ಅಲಗಿನ ಒಡಿಕತ್ತಿ ಬೆನ್ನಿನ ತೊಡಂಗಿಗೆ ಸಿಕ್ಕಿಸುವಂಥದ್ದು, ಮದುವೆಯಲ್ಲಿ ಬಾಳೆದಿಂಡು ಕಡಿಯಲು ಹೊರಬರುವಂಥದ್ದು. ಗೋಡೆಗೆ ಅಂದ. ಎಳನೀರು ಕೆತ್ತಲು ಕೊಂಡರೆ ಅದಕ್ಕೂ ಅವಮಾನ, ಅಪ್ಪನಿಗೂ ಕಿರಿಕಿರಿ.

ಅಲಗು: ಕಬ್ಬಿಣದ್ದೋ, ಸ್ಟೀಲಿನದ್ದೋ

ನಾವು 'ಕಬ್ಬಿಣದ ಕತ್ತಿ' ಎನ್ನುವುದು ನಿಜವಾಗಿ ಉಕ್ಕಿನದ್ದೇ. ಕಬ್ಬಿಣಕ್ಕೆ ತುಸು ಇಂಗಾಲ ಸೇರಿದಾಗ ಉಕ್ಕು. ಒಂದು ಕಾಲಕ್ಕೆ ಈ ಸೀಮೆಯ ಉಕ್ಕು ದೂರ ದೇಶಗಳಿಗೆ ಹೋಗುತ್ತಿತ್ತು. ಯುರೋಪಿನವರು 'ವೂಟ್ಜ್' ಎಂದು ಕರೆದ ಹೆಸರಿನ ಹಿಂದೆ ನಮ್ಮ 'ಉಕ್ಕು' ಪದವೇ ಇದೆ ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳಲ್ಲಿ ಉಕ್ಕು ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮ ನೆರೆಯ ಭದ್ರಾವತಿಯ ಕಾರ್ಖಾನೆ 1918ರಲ್ಲಿ ಮೊಳೆತದ್ದು, 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿದ್ದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ. ಹೀಗಾಗಿ ಈ ಭಾಗದಲ್ಲಿ ಅಲಗಿನ ವಿಷಯ ತಿಳಿದವರಿಗೆ ಬರವಿಲ್ಲ. ನಮ್ಮ ಬೀದಿಯಲ್ಲೇ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಯಾವ ಲೋಹ ತಂದರೂ ಗ್ರೈಂಡರಿಗೆ ಹಿಡಿದು ಕಿಡಿ ನೋಡುತ್ತಾರೆ. ಕಿಡಿ ನಕ್ಷತ್ರದಂತೆ ಸಿಡಿದು ಕವಲೊಡೆದರೆ ಇಂಗಾಲ ಜಾಸ್ತಿ. ಉದ್ದ ಗೆರೆಯಾಗಿ ಹೋಗಿ ಆರಿದರೆ ಮೆದು ಕಬ್ಬಿಣ.

ಮಲೆನಾಡಿನ ಕಮ್ಮಾರರು ಕತ್ತಿಗೆ ನೆಚ್ಚುವುದು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟನ್ನು. ಅದರಲ್ಲಿ ಇಂಗಾಲ ಸುಮಾರು ಶೇ 0.5ರಿಂದ 0.6ರಷ್ಟಿರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಲ್ಲೋ ಅದ್ದಿದರೆ ಗಟ್ಟಿಯಾಗುತ್ತದೆ, ಮತ್ತೆ ಮೆಲ್ಲಗೆ ಬೆಚ್ಚಗೆ ಮಾಡಿದರೆ ಒಡೆಯದಷ್ಟು ಬಾಗುವ ಗುಣ ಬರುತ್ತದೆ. ಇದೇ 'ಹದ'. ಕಟ್ಟಡದ ಮೆದು ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಹದ ನಿಲ್ಲುವುದಿಲ್ಲ. ನೋಡಲು ಎರಡೂ ಒಂದೇ, ಬೆಲೆಯಲ್ಲಿ ಅಗ್ಗದ್ದೇ ಚೆಂದ. ಆದ್ದರಿಂದ "ಇದು ಪ್ಲೇಟಿನದ್ದಾ?" ಎಂದು ಬಾಯಿಬಿಟ್ಟು ಕೇಳಿ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ, ಅದಕ್ಕೇ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಒರೆಸಿಡುವ ವ್ಯವಧಾನವಿಲ್ಲದ ಮನೆಗೆ ಅದೇ ಸರಿ. ಆದರೆ ಬಚ್ಚಲ ಬದಿಯ ಮಸೆಗಲ್ಲಿಗೆ ನಾಲ್ಕು ಸಲ ತಿಕ್ಕಿ ಹರಿತ ಮಾಡಿಕೊಳ್ಳುವ ಅಪ್ಪನಿಗೆ ಹಳೇ ಮಾದರಿಯ ಉಕ್ಕೇ ಮಾತು ಕೇಳುತ್ತದೆ. ಒಂದೇ ಎಚ್ಚರಿಕೆ: ಮಾವಿನಕಾಯಿ, ಹುಣಸೆ, ನಿಂಬೆ ಕೊಯ್ದರೆ ಅಲಗು ಕಪ್ಪಾಗುತ್ತದೆ. ಹಸಿ ಅಡಿಕೆಯ ಚೊಗರು ತಗುಲಿದರೆ ಮಸಿಯಂತೆ ಕರಿಗಟ್ಟುತ್ತದೆ. ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದಾಗ ಆಗುವುದೇ ಹಾಗೆ, ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಆ ಕಪ್ಪು ತುಕ್ಕಲ್ಲ, ತಿಕ್ಕಿ ತೆಗೆಯಬೇಕಾದ್ದೂ ಇಲ್ಲ.

ಹಿಡಿ: ಅಪ್ಪನ ಕೈ ಮುಟ್ಟುವ ಭಾಗ

ನನ್ನ ಬಣ್ಣದ ಚಾಕು ಸೋತದ್ದು ಇಲ್ಲೇ. ಒಳ್ಳೆಯ ಹಿಡಿಗೆ ಮೂರು ಗುಣ ಬೇಕು: ಪೆಟ್ಟಿಗೆ ಸೀಳದ ಮರ, ಅಲುಗದ ಜೋಡಣೆ, ಬೆವರು ಹೀರುವ ಮೈ. ಮೆರುಗೆಣ್ಣೆ ಬಳಿದು ಗಾಜಿನಂತಾದ ಹಿಡಿ ಒದ್ದೆ ಕೈಯಲ್ಲಿ ಜಾರುತ್ತದೆ. ಬರಿ ಮರವನ್ನು ನುಣುಪಾಗಿಸಿ ಎಣ್ಣೆ ಕುಡಿಸಿದ್ದೇ ಕೈಗೆ ಹಿತ.

ಬೀಟೆ ತೂಕದ ಮರ, ಎಣ್ಣೆಯಂಶವಿರುವ ಮರ, ನೀರಿಗೆ ಜಗ್ಗದು. ಅದನ್ನು ಆರಿಸುವುದಾದರೆ ಕಾನೂನುಬದ್ಧವಾಗಿ ಮಾರಾಟವಾದ ಮರವೇ ಎಂದು ಕೇಳಿ. ಹಳೆಯ ಪೀಠೋಪಕರಣದ ತುಂಡಾದರೆ ಇನ್ನೂ ಒಳ್ಳೆಯದು. ಬೀಟೆಯೇ ಆಗಬೇಕೆಂದಿಲ್ಲ. ಹುಣಸೆ, ಜಾಲಿ ಪೆಟ್ಟು ತಾಳುವ ಮರಗಳು, ಕಡಿಯುವ ಕತ್ತಿಗೆ ಸೈ. ಪೇರಲೆಯ ಕೊಂಬೆ ಬಿಗಿ ಎಳೆಯದ್ದು. ಸಾಗುವಾನಿ, ಹಲಸು ಹಗುರ, ಅಡುಗೆಮನೆಯ ಚಾಕುವಿಗೆ ಸಾಕು. ಶ್ರೀಗಂಧದ ಹಿಡಿ ತೋರಿಸಿದರೆ ನಕ್ಕು ಮುಂದೆ ಹೋಗಿ. ಗಂಧವನ್ನು ಸಾಗರ, ಸೊರಬದ ಗುಡಿಗಾರರ ಕೆತ್ತನೆಗೆ ಬಿಡೋಣ. ಮರ ಯಾವುದೇ ಇರಲಿ, ಎಳೆಗಳು ಹಿಡಿಯ ಉದ್ದಕ್ಕೆ ಓಡಬೇಕು, ಗಂಟಿರಬಾರದು, ಕೊಂಬೆಯ ನಡುವಿನ ತಿರುಳು ಸೇರಿರಬಾರದು. ತಿರುಳಿದ್ದರೆ ಒಂದು ಬೇಸಿಗೆಯಲ್ಲಿ ಬಿರುಕು ಖಚಿತ.

ಜೋಡಣೆಯಲ್ಲಿ ಮೂರು ಬಗೆ. ಮೊದಲನೆಯದು, ಅಲಗಿನ ಚೂಪು ಬಾಲವನ್ನು ಮರದೊಳಗೆ ಇಳಿಸಿ ಬಾಯಲ್ಲಿ ಕಬ್ಬಿಣದ ಬಳೆ ತೊಡಿಸುವುದು. ನಮ್ಮ ಕತ್ತಿ, ಕುಡುಗೋಲುಗಳ ರೀತಿ ಇದು. ಒಳಗೆ ಅರಗು ತುಂಬಿ, ಬಾಲ ಹಿಡಿಯ ಹಿಂಬದಿ ಹೊರಬಂದು ಮಡಚಿದ್ದರೆ ಕಳಚುವ ಭಯವಿಲ್ಲ. ಎರಡನೆಯದು, ಹಿಡಿಯುದ್ದಕ್ಕೂ ಚಾಚಿದ ಅಲಗಿನ ಎರಡು ಮಗ್ಗುಲಿಗೆ ಮರದ ಹಲಗೆಯಿಟ್ಟು ರಿವೆಟ್ ಹೊಡೆಯುವುದು. ಅಡುಗೆಮನೆಯ ಚಾಕುವಿಗೆ ಇದು ಭದ್ರ, ಆದರೆ ಮರ ಮತ್ತು ಲೋಹದ ಸಂದಿಯಲ್ಲಿ ಉಗುರು ಆಡಬಾರದು. ಆಡಿದರೆ ಅಲ್ಲಿ ನೀರು ನಿಂತು ಕೊಳೆಯುತ್ತದೆ. ಮೂರನೆಯದು, ಕಬ್ಬಿಣವನ್ನೇ ಕೊಳವೆಯಂತೆ ಸುತ್ತಿ ಮರದ ಕಾವು ತುರುಕುವುದು. ಉದ್ದ ಕಾವಿನ ದೋಟಿಯ ಕತ್ತಿಗೆ ಇದೇ ಸರಿ.

ಹೊರಗಿನವರೂ ಈ ಹಿಡಿಯ ಗುಟ್ಟು ಬಲ್ಲವರೇ. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ರೈತರಿಗಾಗಿ ಮರದ ಹಿಡಿಯ ಮಡಚು ಚಾಕು ಮಾಡಿದ. 1955ರಲ್ಲಿ ಅಲಗು ತಾನಾಗಿ ಮಡಚಿ ಬೆರಳು ಕೊಯ್ಯದಂತೆ ತಿರುಗುವ ಬಳೆಯೊಂದನ್ನು ಸೇರಿಸಿದರು. ಇಂದಿಗೂ ಅದೇ ಆಕಾರ, ಬೀಚ್ ಮರದ ಅದೇ ಸಾದಾ ಹಿಡಿ. ಮಡಚು ಚಾಕು ಯಾವುದನ್ನೇ ಕೊಂಡರೂ ತೆರೆದಾಗ ಅಲಗನ್ನು ಗಟ್ಟಿಯಾಗಿ ನಿಲ್ಲಿಸುವ ಬೀಗವಿದೆಯೇ ಎಂದು ನೋಡಿ.

ಕೊಳ್ಳುವಾಗ ಐದು ಪರೀಕ್ಷೆ

ಗಾಂಧಿ ಬಜಾರಿನ ಅಂಗಡಿಯಿರಲಿ, ಸಂತೆಯಿರಲಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಿರಲಿ, ಈ ಐದನ್ನು ಮಾಡದೆ ದುಡ್ಡು ತೆಗೆಯಬೇಡಿ.

1. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಅಲಗಿನ ಬೆನ್ನಿಗೆ ಉಗುರಿನಿಂದ ತಟ್ಟಿ. ನಾದ ಎಳೆದು ನಿಂತರೆ ಅಲಗು ಅಖಂಡ. ಒಡಕು ಸದ್ದು ಬಂದರೆ ಕಾಣದ ಬಿರುಕೋ ಸಡಿಲ ಹಿಡಿಯೋ ಇದೆ.

2. ಬಾಯಿಯನ್ನು ಬೆಳಕಿಗೆ ಎದುರಾಗಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಹರಿತವಿದ್ದಲ್ಲಿ ಏನೂ ಕಾಣದು. ಬೆಳ್ಳಿಯ ಚುಕ್ಕಿ ಮಿನುಗಿದಲ್ಲಿ ಬಾಯಿ ಮೊಂಡು.

3. ಬಾಯಿಯುದ್ದಕ್ಕೆ ನೀಲಿ ಕಲೆಯಿದೆಯೇ ನೋಡಿ. ಗ್ರೈಂಡರಿಗೆ ಬಿರುಸಾಗಿ ಹಿಡಿದು ಸುಟ್ಟ ಗುರುತದು. ಅಲ್ಲಿ ಹದ ಹೋಗಿದೆ, ಹರಿತ ನಿಲ್ಲುವುದಿಲ್ಲ.

4. ಅರವನ್ನು ಬಾಯಿಯ ಅಂಚಿಗೆ ಮೆತ್ತಗೆ ಎಳೆಯಿರಿ, ಮಾರುವವರು ಒಪ್ಪಿದರೆ ಮಾತ್ರ. ಬೆಣ್ಣೆಯಂತೆ ಕಚ್ಚಿದರೆ ಹದವಿಲ್ಲ. ತುಸು ಕಚ್ಚಿ ತುಸು ಜಾರಿದರೆ ಸರಿ. ಪೂರ್ತಿ ಜಾರಿದರೆ ಅತಿ ಗಟ್ಟಿ, ಕಲ್ಲಿಗೆ ತಾಗಿದರೆ ಮುಕ್ಕಾದೀತು.

5. ಅಪ್ಪನ ಹಿಡಿಯ ಅಳತೆಯ ದಾರವನ್ನು ಜೇಬಿಂದ ತೆಗೆಯಿರಿ.

ಕಮ್ಮಾರಸಾಲೆಯಲ್ಲಿ ಮಾಡಿಸುವುದಾದರೆ ಅವಸರ ಮಾಡಬೇಡಿ. ಕುಲುಮೆ ದಿನವೂ ಉರಿಯುವ ಸಾಲೆಗಳು ಈಗ ಕಡಿಮೆ. ಹಳೆಯ ಕತ್ತಿಯನ್ನೇ ಮಾದರಿಗೆ ಕೊಟ್ಟು, ಒಂದೆರಡು ವಾರ ಮೊದಲೇ ಹೇಳಿಡಿ.

ಕಾನೂನು, ಬಸ್ಸು, ವಿಮಾನ

1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಬಳಕೆಗೆ, ಕೃಷಿಗೆ ಎಂದೇ ಮಾಡಿದ ಹರಿತ ಸಾಧನಗಳನ್ನು ಆಯುಧದ ಲೆಕ್ಕಕ್ಕೆ ತರುವುದಿಲ್ಲ. 2016ರ ನಿಯಮಗಳ ಪಟ್ಟಿಯಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚೂರಿಗಳು ಸೇರುತ್ತವೆ, ಅಲ್ಲೂ ಮನೆ, ಕೃಷಿ, ಕೈಗಾರಿಕೆಯ ಸಾಧನಗಳಿಗೆ ವಿನಾಯಿತಿ ಇದೆ. ಹಾಗೆಂದು ತೋಟದ ಕತ್ತಿಯನ್ನು ಬಿ.ಎಚ್. ರಸ್ತೆಯಲ್ಲಿ ಬೀಸಿಕೊಂಡು ನಡೆಯಲಾಗದು. ಬಾಯಿಗೆ ಅಡಿಕೆ ಹಾಳೆ ಸುತ್ತಿ, ಗೋಣಿಯಲ್ಲಿ ಕಟ್ಟಿ, ಬಿಲ್ಲು ಜೊತೆಗಿಟ್ಟುಕೊಂಡು ಒಯ್ಯಿರಿ. ಗುಂಡಿ ಒತ್ತಿದರೆ ಚಿಮ್ಮುವ ರಾಂಪುರಿ ಬಗೆಯ ಚೂರಿಯ ಗೊಡವೆ ಬೇಡ. ಅದು ಅಪ್ಪನಿಗೆ ಕೊಡುವ ವಸ್ತುವೇ ಅಲ್ಲ.

2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ಹಾರುವವರು ಚಾಕುವನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಚೆಕ್-ಇನ್ ಸಾಮಾನಿನಲ್ಲಿ, ಬಾಯಿ ಮುಚ್ಚಿ ಕಟ್ಟಿ ಹಾಕಿ. ಹೊರದೇಶಕ್ಕಾದರೆ ಆ ದೇಶದ ನಿಯಮ ಮೊದಲೇ ನೋಡಿಕೊಳ್ಳಿ.

ಮಳೆಗಾಲದ ಆರೈಕೆ

ಆಗುಂಬೆಯ ಮಳೆ ವಿದ್ಯಾನಗರಕ್ಕೆ ಬಾರದಿದ್ದರೂ ಅದರ ತೇವ ಸಾಕು. ಕೆಲಸ ಮುಗಿದೊಡನೆ ಅಲಗನ್ನು ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತಿರ ಸುಳಿಯದು. ಹಲಸಿನ ಮೇಣವೂ ಅದೇ ಎಣ್ಣೆಗೆ ಬಿಡುತ್ತದೆ. ಹಿಡಿಗೆ ಮಾತ್ರ ಅಗಸೆ ಎಣ್ಣೆ ಒಳ್ಳೆಯದು. ಅದು ಮರದೊಳಗೆ ಒಣಗಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಒಣಗುವುದಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಮರ ಕಾಯುತ್ತದೆಂದು ಹೇಳುವವರಿದ್ದಾರೆ, ಕೈ ಹಿಡಿಯುವ ಜಾಗಕ್ಕೆ ಬೇಡ. ಚರ್ಮ ಸುಡುತ್ತದೆ.

ಬೇಸಿಗೆಯಲ್ಲಿ ಹಿಡಿ ಸಡಿಲಾದರೆ ರಾತ್ರಿಯೆಲ್ಲ ಬಕೆಟ್ಟಿನ ನೀರಲ್ಲಿ ನೆನೆಹಾಕುವ ಅಭ್ಯಾಸ ಬಿಡಿ. ಮರ ಉಬ್ಬಿ ಬಿಗಿಯಾದಂತೆ ಕಂಡರೂ ಒಳಗೆ ಬಾಲ ತುಕ್ಕು ಹಿಡಿಯುತ್ತದೆ. ಬಿಚ್ಚಿ, ಅರಗು ತುಂಬಿ, ಮತ್ತೆ ಕೂರಿಸಿ.

ಕೊಡುವ ದಿನ

ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನವೆನ್ನುತ್ತಾರೆ. ನನ್ನ ಕೇಳಿದರೆ ಆಯುಧಪೂಜೆಯ ಹಿಂದಿನ ದಿನ ಕೊಡಿ. ಮರುದಿನ ಕತ್ತಿ, ಹಾರೆ, ಗುದ್ದಲಿಯ ಸಾಲಿನಲ್ಲಿ ಅದಕ್ಕೂ ಕುಂಕುಮ ಬೀಳುತ್ತದೆ, ಮನೆಯ ಆಯುಧವಾಗುತ್ತದೆ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎನ್ನುವುದು ಹಿರಿಯರ ಮಾತು. ನಂಬಿಕೆ ಪಕ್ಕಕ್ಕಿಟ್ಟರೂ ಹರಿತದ ವಸ್ತುವನ್ನು ಕೆಳಗಿಟ್ಟು ಎತ್ತಿಕೊಳ್ಳುವುದು ಬೆರಳಿಗೆ ಕ್ಷೇಮ.

ನನ್ನ ತಪ್ಪನ್ನು ನಾನು ತಿದ್ದಿಕೊಂಡದ್ದು ಎರಡು ವರ್ಷದ ನಂತರ. ಊರ ಮನೆ ರಿಪೇರಿಯಲ್ಲಿ ಕಳಚಿಬಿದ್ದ ಅಜ್ಜನ ಕಾಲದ ಬಾಗಿಲುವಾಡದ ತುಂಡೊಂದನ್ನು, ಅಪ್ಪಯ್ಯನ ಹಿಡಿ ಸೀಳಿದ್ದ ಹಳೆಯ ಕತ್ತಿಯನ್ನು, ಅಪ್ಪಯ್ಯನನ್ನೇ ಕರೆದುಕೊಂಡು ಕಮ್ಮಾರಸಾಲೆಗೆ ಹೋದೆ. "ಗೌಡ್ರೇ, ಅಲಗು ಇನ್ನೂ ಇಪ್ಪತ್ತು ವರ್ಷ ಬತ್ತದೆ, ಹೊಸದು ಎಂತಕ್ಕೆ?" ಎಂದರು ಆಚಾರ್ರು. ಅಲಗಿಗೆ ಮತ್ತೆ ಹದ ಹಾಕಿ, ಬಾಗಿಲುವಾಡದ ಮರವನ್ನು ಹಿಡಿ ಮಾಡಿ ಕೂರಿಸಿದರು. ಅಪ್ಪಯ್ಯ ಮೂರು ಸಲ "ಇಲ್ಲಿ ಇನ್ನೊಂಚೂರು ಕೆತ್ತಿ" ಎಂದು ಹೇಳಿ ಹೆಬ್ಬೆರಳಿಗೆ ಬೇಕಾದ ಗುಳಿ ತಾವೇ ಮಾಡಿಸಿಕೊಂಡರು.

ಬರುವಾಗ ದಾರಿಯಲ್ಲಿ ಒಂದು ಹಲಸಿನ ಹಣ್ಣು ಕೊಂಡೆ, ಬೇಕೆಂದೇ ದೊಡ್ಡದು. ಮನೆಯಲ್ಲಿ ಅದನ್ನು ಬಿಡಿಸಬಲ್ಲವರು ಅವರೊಬ್ಬರೇ. ಜಗಲಿಯಲ್ಲಿ ಹಳೆಯ ಪೇಪರು ಹಾಸಿ, ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು, ಒಂದೇ ಏಟಿಗೆ ಸೀಳಿದರು. ಪಕ್ಕದ ಮನೆಯ ಮಕ್ಕಳು ಗೇಟಿನ ಹತ್ತಿರ ಬಂದು ನಿಂತವು. ಅಪ್ಪಯ್ಯ ತೊಳೆ ಹಂಚುತ್ತ, ನನ್ನ ಕಡೆ ತಿರುಗಿ, "ನಾಳೆ ಆ ತೆಂಗಿನ ಗರಿ ಒಂದು ಕಡಿಬೇಕು, ನೆನಪು ಮಾಡು" ಎಂದರು.